ದೇವರ ಜೊತೆ ಜಗಳಕ್ಕೊಂದು ಕೋಣೆ

ನಮ್ಮ ಅತ್ತೆ ಪ್ರಾರ್ಥನೆಗೆ ಹೆಸರಾದವರು. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಆಚೆಗಿದ್ದ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟೇ ಇದ್ದವು. ಆದರೂ ಕಾಯಿಲೆ ಬಿದ್ದವರು, ಮಗಳಿಗೆ ಗಂಡು ಸಿಗದವರು, ಗಂಡನ ಕುಡಿತ ತಾಳಲಾರದವರು ಯಾವ ಜಾತಿಯವರಾದರೂ ಅತ್ತೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ದನಿ ಎತ್ತಿ ಪ್ರಾರ್ಥಿಸಿದರೆ ಬೀದಿಯ ಕೊನೆಯ ಮನೆಯವರಿಗೂ ಕೇಳಿಸುತ್ತಿತ್ತು. ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟಕ್ಕೆ ಅವರೇ ನಾಯಕಿ. ಕೂಟ ಸೇರುತ್ತಿದ್ದದ್ದು ನಮ್ಮ ನಡುಮನೆಯಲ್ಲಿ. ಸಂಜೆಯಾಯಿತೆಂದರೆ ಚಾಪೆ ಹಾಸಿ, ಹಾರ್ಮೋನಿಯಂ ಹೊರಗೆ ತೆಗೆದು, ಬಾಗಿಲನ್ನು ಬೀದಿಗೆ ಪೂರ್ತಿ ತೆರೆದಿಡುತ್ತಿದ್ದರು.

ಅಂಥ ಮನೆಗೆ ಸೊಸೆಯಾಗಿ ಬಂದ ನನಗೆ ದೇವರ ಹತ್ತಿರ ಒಂದು ಮಾತಾಡಲು ಜಾಗವಿರಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಆ ಮನೆಯಲ್ಲಿ ದೇವರ ಹೆಸರು ಎಷ್ಟು ಕೇಳಿಸುತ್ತಿತ್ತೆಂದರೆ, ದೇವರೇ ಬಂದು ನಿಂತಿದ್ದರೂ ಅವನಿಗೆ ಬಾಯಿ ತೆರೆಯಲು ಬಿಡುವು ಸಿಗುತ್ತಿರಲಿಲ್ಲ.

ನನ್ನ ತವರು ಬೇಲೂರು. ಅಪ್ಪ ಅಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದರು. ಕೆಲಸಕ್ಕೆ ಹೋಗುವ ಮೊದಲು ಹಿತ್ತಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸಬಾರದು ಎಂಬುದು ಮಕ್ಕಳಾದ ನಮಗೆ ಹೇಳದೆಯೇ ಗೊತ್ತಿತ್ತು. ಪ್ರಾರ್ಥನೆ ಎಂದರೆ ಅದು ಎಂದುಕೊಂಡು ಬೆಳೆದವಳು ನಾನು.

ಮದುವೆಗೆ ಮುಂಚೆಯೇ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತ್ತು. ಮದುವೆಯಾದ ಮೇಲೆ ಅರಸೀಕೆರೆಗೆ ವರ್ಗ ಹಾಕಿಸಿಕೊಂಡೆ. ತೊಂಬತ್ತರ ದಶಕದ ಆರಂಭ ಅದು. ಎಸ್‌ಟಿಡಿ ಬೂತುಗಳು ಆಗತಾನೇ ಶುರುವಾಗಿದ್ದರೂ, ಕೊಬ್ಬರಿ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇನ್ನೂ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ದಿಲ್ಲಿಯಲ್ಲಿ ಏನು ರೇಟು, ಕಾನ್ಪುರದಲ್ಲಿ ಏನು ರೇಟು ಎಂದು ಗೊತ್ತಾಗುವವರೆಗೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲೈನು ಸಿಗದಿದ್ದರೆ ತಪ್ಪು ನನ್ನದು.

"ಏನಮ್ಮಾ, ನಿದ್ದೆ ಹೊಡೀತಿದ್ದೀಯಾ? ಕಾನ್ಪುರ ಕೇಳಿ ಎಷ್ಟೊತ್ತಾತು?"

"ಲೈನ್ ಬಿಜಿ ಇದೆ ಸಾರ್, ಟ್ರೈ ಮಾಡ್ತಿದ್ದೀನಿ."

"ಏನ್ ಟ್ರೈ ಮಾಡ್ತೀಯ? ಸರ್ಕಾರದ ಸಂಬಳ ತಿಂದು ಕುತ್ಕಳೋಕೆ ಬಂದ್ಬಿಡ್ತೀರ!"

ಶಿಫ್ಟು ಮುಗಿಸಿ ಹೆಡ್‌ಸೆಟ್ ತೆಗೆದಿಟ್ಟ ಮೇಲೂ ಕಿವಿಯಲ್ಲಿ ಆ ಬೈಗುಳ ಗುಂಯ್‌ಗುಡುತ್ತಿತ್ತು. ಮನೆಗೆ ಬಂದರೆ ನಡುಮನೆ ತುಂಬ ಹೆಂಗಸರು, ಹಾರ್ಮೋನಿಯಂ, ತಾಳ, ಚಪ್ಪಾಳೆ. ನಾನು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿಗೆ ಇಡಬೇಕು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಆ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೊರಗೆ ತಿರುಗಾಡಲು ಹೋಗುತ್ತಿದ್ದರು. ಜಾಣರು.

ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ವರ್ಷ ನಾನು ಮತ್ತೆ ಬಸುರಿಯಾದೆ. ತಿಂಗಳು ತುಂಬುವ ಮೊದಲೇ ನೋವು ಬಂತು. ಗಂಡು ಮಗು. ಅದು ಅಳಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ಒಮ್ಮೆ ನನಗೆ ತೋರಿಸಿ ತೆಗೆದುಕೊಂಡು ಹೋದಳು. ನನ್ನ ಗಂಡ ಮತ್ತು ಸಭೆಯ ಒಬ್ಬಿಬ್ಬರು ಗಂಡಸರು ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ನನಗೆ ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಜೆ ಮುಗಿಸಿ ಡ್ಯೂಟಿಗೆ ಹೋಗಲು ಶುರು ಮಾಡಿ ಹೆಚ್ಚು ದಿನವಾಗಿರಲಿಲ್ಲ. ಒಂದು ಸಂಜೆ ಎಂದಿನಂತೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಆಚೆ ಕೂಟದಲ್ಲಿ ಸಾಕ್ಷಿ ಹೇಳುವ ಹೊತ್ತು. ದೇವರು ತಮಗೆ ಏನು ಮಾಡಿದ ಎಂದು ಒಬ್ಬೊಬ್ಬರೇ ಎದ್ದು ಹೇಳುವುದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಅತ್ತೆಯ ದನಿ ಕೇಳಿಸಿತು.

"ನನ್ ಸೊಸೆ ಕಣ್ರಮ್ಮ, ಮೂರೊತ್ತೂ ಡ್ಯೂಟಿ ಡ್ಯೂಟಿ ಅಂತಾಳೆ. ಕರ್ತನಿಗೆ ಅಂತ ಒಂದ್ ಗಳಿಗೆ ಎತ್ತಿಕ್ಕಲಿಲ್ಲ. ಅದಕ್ಕೇಯ ಕರ್ತ ಕೊಟ್ಟಿದ್ದನ್ನ ಹಿಂದಕ್ಕೆ ಇಸ್ಕೊಂಡ. ಅವಳ ಕಣ್ಣು ತೆರೀಲಿ ಅಂತ ಎಲ್ರೂ ಪ್ರಾರ್ಥನೆ ಮಾಡಿ."

"ಆಮೆನ್" ಎಂದರು ಎಲ್ಲರೂ. ಒಬ್ಬರೂ ತಡೆಯಲಿಲ್ಲ.

ಕಾಫಿಯನ್ನು ಲೋಟಗಳಿಗೆ ಹಾಕಿ, ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಒಳಗಿನಿಂದ ಅತ್ತೆ ಕರೆದರು, ಕೂಗಿದರು, ಆಮೇಲೆ ತಾವೇ ಬಂದು ಲೋಟಗಳನ್ನು ಹೊತ್ತುಕೊಂಡು ಹೋದರು. ಅವತ್ತಿನಿಂದ ಆ ಕೂಟಕ್ಕೆ ನಾನು ಕಾಫಿ ಮಾಡಲಿಲ್ಲ.

ಅತ್ತೆ ಹೇಳಿದ್ದು ಸುಳ್ಳು ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತಾಗ, ಡ್ಯೂಟಿಗೆ ನಡೆದು ಹೋಗುವಾಗ, ಮಗಳಿಗೆ ಜಡೆ ಹಾಕುವಾಗ ಆ ಮಾತು ಮತ್ತೆ ಮತ್ತೆ ಬಂದು ಕಚ್ಚುತ್ತಿತ್ತು. ಒಂದು ಗಳಿಗೆ ಕೊಡಲಿಲ್ಲವೆಂದು ಕೂಸನ್ನು ಕಿತ್ತುಕೊಳ್ಳುವವನು ದೇವರಾಗಿದ್ದರೆ, ಅವನ ಹತ್ತಿರ ನನಗೆ ಕೇಳುವುದಿತ್ತು. ಹಾಗೆ ಮಾಡುವವನಲ್ಲದಿದ್ದರೆ, ಅವನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಆ ಮಾತಾಡುವಾಗ ಸುಮ್ಮನಿದ್ದದ್ದು ಯಾಕೆಂದು ಕೇಳುವುದಿತ್ತು. ಇದನ್ನು ಜನರ ನಡುವೆ, ಚಪ್ಪಾಳೆಯ ನಡುವೆ ಕೇಳಲಾಗುವುದಿಲ್ಲ. ಅದಕ್ಕೆ ಸಮಯ ಬೇಕು, ಬಾಗಿಲು ಇರುವ ಜಾಗ ಬೇಕು.

ನಮ್ಮ ಮನೆಯ ಮಾಲೀಕರು ಕೊಬ್ಬರಿ ವ್ಯಾಪಾರಿಗಳು. ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆಯನ್ನು ಗೋಣಿಚೀಲ ಪೇರಿಸಲು ತಾವೇ ಇಟ್ಟುಕೊಂಡಿದ್ದರು. ಹೊಸ ಗೋಡೌನು ಕಟ್ಟಿಸಿದ ಮೇಲೆ ಅದು ಖಾಲಿಯಾಯಿತು. ಕೂಟದ ಚಾಪೆ, ಹಾರ್ಮೋನಿಯಂ ಇಡಲು ಅದನ್ನು ಕೇಳಬೇಕೆಂದು ಅತ್ತೆ ಅನ್ನುತ್ತಿದ್ದರು. ನಾನು ಮೊದಲೇ ಹೋಗಿ ಕೇಳಿಬಿಟ್ಟೆ.

"ತಗಳಿ ಅಕ್ಕೋರೆ. ಏನ್ ಇಕ್ಕತೀರ ಅದ್ರಾಗೆ?" ಎಂದರು ಸಾಹುಕಾರರು.

"ಏನೂ ಇಡಲ್ಲ. ಕೂತ್ಕೋತೀನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಕೂತ್ಕಳಿ, ಕೂತ್ಕಳಿ" ಎಂದು ನಕ್ಕು ಬೀಗದ ಕೈ ಕೊಟ್ಟರು. ಅವರದು ಲಿಂಗಪೂಜೆಯ ಮನೆ. ಅವರಿಗೆ ಅರ್ಥವಾಯಿತು ಎಂದೇ ನನ್ನ ಭಾವನೆ. ನಮ್ಮವರಿಗೇ ಆಗಲಿಲ್ಲ.

ಕೋಣೆಯಲ್ಲಿ ಕೊಬ್ಬರಿಯ ಕಮಟು ವಾಸನೆ. ಗೋಡೆಗೆ ಎಣ್ಣೆಯ ಜಿಡ್ಡು. ಸುಣ್ಣ ಹೊಡೆಸಿ, ಒಂದು ಮಣೆ ಇಟ್ಟುಕೊಂಡೆ. ಬಡಗಿಯನ್ನು ಕರೆಸಿ ಬಾಗಿಲಿನ ಒಳಗಡೆ ಚಿಲಕ ಹಾಕಿಸಿದೆ. ಬೆಳಿಗ್ಗೆ ಹಾಲು ಕಾಯಿಸಿ, ತಿಂಡಿಗೆ ಅಣಿ ಮಾಡಿ, ಮಗಳು ಏಳುವ ಮೊದಲು ಅರ್ಧ ಗಂಟೆ ನನ್ನದು ಎಂದು ಗಂಡನಿಗೂ ಅತ್ತೆಗೂ ಹೇಳಿದೆ. ಗಂಡ ತಲೆಯಾಡಿಸಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾವೆಲ್ಲ ಬಾಗಿಲು ತೆಗೆದು ಕೂಗ್ತೀವಿ. ನಿನ್ ಭಕ್ತಿಗೆ ಚಿಲಕ ಯಾಕೆ ಬೇಕೇ?"

"ನಂಗೆ ಬೇಕು ಅತ್ತೆ."

"ಮನೇಲಿ ಬಾಗಿಲು ಹಾಕ್ಕಳೋದು ಕದ್ದು ತಿನ್ನೋರು ಕಣೇ."

ಮೊದಲ ದಿನವೇ ಬಾಗಿಲು ಬಡಿದರು. ಸಾರಿಗೆ ಉಪ್ಪು ಹಾಕಿದ್ದೀಯಾ? ಮರುದಿನ ಗ್ಯಾಸು ಮುಗಿದ ಹಾಗಿದೆ, ಬಂದು ನೋಡು. ಇನ್ನೊಂದು ದಿನ, ಮಗು ಎದ್ದು ಅಳ್ತಾ ಐತೆ. ಓಡಿ ಹೋಗಿ ನೋಡಿದರೆ ಮಗಳು ಗಾಢ ನಿದ್ದೆಯಲ್ಲಿದ್ದಳು. ನಾನು ಬಾಗಿಲು ತೆಗೆಯುವುದನ್ನು ನಿಲ್ಲಿಸಿದ ಮೇಲೆ ಅತ್ತೆ ಬೇರೆ ದಾರಿ ಹಿಡಿದರು. ನಾನು ಚಿಲಕ ಹಾಕಿದ ಸದ್ದು ಕೇಳಿದ ಕೂಡಲೇ ಅದೇ ಬಾಗಿಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ಗಟ್ಟಿಯಾಗಿ ಕೀರ್ತನೆ ಹಾಡುವುದು. ದೇವರ ಹಾಡನ್ನು ಕಲ್ಲೆಸೆಯುವ ಹಾಗೆ ಎಸೆಯಬಹುದು ಎಂದು ನಾನು ತಿಳಿದದ್ದು ಆಗ.

ಒಳಗೆ ನಾನೇನೂ ದೊಡ್ಡ ಧ್ಯಾನ ಮಾಡುತ್ತಿರಲಿಲ್ಲ. ಮೊಣಕಾಲೂರುತ್ತಿರಲಿಲ್ಲ, ಕೈ ಜೋಡಿಸುತ್ತಿರಲಿಲ್ಲ. ಗೋಡೆ ನೋಡುತ್ತ ಕೂತು ಅವನನ್ನು ಬೈಯುತ್ತಿದ್ದೆ. ಯಾಕೆ ತಗೊಂಡೆ? ನೀನು ತಗೊಳ್ಳದಿದ್ದರೆ ಯಾರು ತಗೊಂಡರು? ಇವರ ಕೂಗು ಮಾತ್ರ ನಿನಗೆ ಕೇಳುತ್ತದಾ? ದಿನವಿಡೀ ಊರಿನವರ ಬೈಗುಳ ಕೇಳಿದವಳ ಬಾಯಿಗೆ ಬೈಯಲು ಪದಗಳಿಗೇನೂ ಕೊರತೆಯಿರಲಿಲ್ಲ. ಬೈದು ಬೈದು ಸುಸ್ತಾದ ಮೇಲೆ ಕೆಲವು ದಿನ ಸ್ವಲ್ಪ ಹೊತ್ತು ಏನೂ ಇರುತ್ತಿರಲಿಲ್ಲ. ಆ ಸ್ವಲ್ಪ ಹೊತ್ತಿಗಾಗಿಯೇ ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ.

ಅತ್ತೆ ನಮ್ಮ ಚರ್ಚಿನ ಪಾಸ್ಟರಿಗೆ ದೂರು ಕೊಟ್ಟರು. ಹೊಸದಾಗಿ ಬಂದಿದ್ದ ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ. ಸ್ಕೂಟರ್ ನಿಲ್ಲಿಸಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಅತ್ತೆ ಹಾರ್ಲಿಕ್ಸ್ ತಂದುಕೊಟ್ಟು ಪಕ್ಕದಲ್ಲೇ ನಿಂತರು. ನನ್ನ ಗಂಡ ಬಾಗಿಲ ಬಳಿ, ಒಳಗೂ ಅಲ್ಲ ಹೊರಗೂ ಅಲ್ಲ.

"ಏನ್ ಸಿಸ್ಟರ್, ಬಾಗಿಲು ಹಾಕ್ಕೊಂಡು ಕೂರ್ತೀರಂತೆ?"

"ಹೌದು ಪಾಸ್ಟ್ರೇ. ದೇವರಿಗೆ ಸಮಯ ಕೊಡು ಅಂತ ಎಲ್ಲರೂ ಹೇಳ್ತಿದ್ರಲ್ಲ, ಕೊಡ್ತಿದ್ದೀನಿ."

"ಕೊಡಿ, ಬೇಡ ಅನ್ನಲ್ಲ. ಆದರೆ ಮನೇಲಿ ಕುಟುಂಬ ಪ್ರಾರ್ಥನೆ ನಡೀತಿರುವಾಗ ಒಬ್ಬರೇ ಬೇರೆ ಕೂರೋದು ಅಹಂಕಾರ ಆಗುತ್ತೆ. ಸೈತಾನ ಒಬ್ಬೊಬ್ಬರನ್ನೇ ಬೇರೆ ಮಾಡಿ ಹಿಡೀತಾನೆ."

"ಹಿಡಿಯೋನಾಗಿದ್ರೆ ನಡುಮನೇಲೇ ಹಿಡೀಬಹುದಿತ್ತು. ಅಲ್ಲೂ ಬೇಕಾದಷ್ಟು ಜನ ಸಿಗ್ತಾರೆ."

ಅತ್ತೆ, "ನೋಡಿದ್ರಾ ಅಯ್ನೋರೆ, ನೋಡಿದ್ರಾ ಬಾಯಿನ!" ಎಂದರು.

ಪಾಸ್ಟರ್ ಕೈಯೆತ್ತಿ ಅವರನ್ನು ಸುಮ್ಮನಾಗಿಸಿ ನನ್ನನ್ನೇ ಕೇಳಿದರು. "ಒಳಗೆ ಏನು ಪ್ರಾರ್ಥನೆ ಮಾಡ್ತೀರಿ ಸಿಸ್ಟರ್? ನಮಗೂ ಹೇಳಿ. ನಾವೂ ಸೇರಿ ಮಾಡ್ತೀವಿ."

"ನನ್ನ ಸತ್ತ ಕೂಸಿನ ವಿಷಯ ನಮ್ಮತ್ತೆ ನಡುಮನೇಲಿ ಹತ್ತು ಜನರ ಮುಂದೆ ಮಾತಾಡಿದ್ರು. ಅದು ಸಾಕ್ಷಿ. ಅದನ್ನೇ ನಾನು ಬಾಗಿಲು ಹಾಕ್ಕೊಂಡು ದೇವರ ಹತ್ರ ಮಾತಾಡಿದ್ರೆ ಅದು ಅಹಂಕಾರ. ಇದೆಂಥ ನ್ಯಾಯ ಪಾಸ್ಟ್ರೇ?"

ಪಾಸ್ಟರ್ ಹಾರ್ಲಿಕ್ಸ್ ಲೋಟ ಕೆಳಗಿಟ್ಟರು. ಎಲ್ಲರೂ ತಲೆಬಾಗಿಸಿ ಎಂದು ಹೇಳಿ ಉದ್ದಕ್ಕೆ ಪ್ರಾರ್ಥಿಸಿ ಎದ್ದುಹೋದರು. ಮುಂದಿನ ಭಾನುವಾರದ ಪ್ರಸಂಗದಲ್ಲಿ, ದೇವರಿಗೆ ಎಂಜಲು ಸಮಯ ಕೊಡುವ ಉದ್ಯೋಗಸ್ಥ ಹೆಣ್ಣುಮಕ್ಕಳ ಬಗ್ಗೆ ಮಾತಾಡಿದರು. ಆ ಸಭೆಯಲ್ಲಿ ಆಗ ಉದ್ಯೋಗಕ್ಕೆ ಹೋಗುವ ಹೆಂಗಸರೆಂದರೆ ನಾನು ಮತ್ತು ಒಬ್ಬರು ಟೀಚರು. ಟೀಚರು ಅವತ್ತು ಬಂದಿರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ, ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಕೋಣೆಯ ಬಾಗಿಲಲ್ಲಿ ಚಿಲಕ ಇರಲಿಲ್ಲ. ಅದಿದ್ದ ಜಾಗದಲ್ಲಿ ಸ್ಕ್ರೂ ಕಿತ್ತ ತೂತುಗಳಿದ್ದವು. ಒಳಗೆ ನನ್ನ ಮಣೆಯ ಮೇಲೆ ಚಾಪೆಗಳನ್ನು ಸುತ್ತಿಟ್ಟಿದ್ದರು. ಗಂಡ ಹಿತ್ತಲಲ್ಲಿ ಸೈಕಲ್ ಒರೆಸುತ್ತಿದ್ದರು. ಒರೆಸುವಂಥ ಧೂಳೇನೂ ಅದರ ಮೇಲಿರಲಿಲ್ಲ.

"ಯಾರು ತೆಗೆದಿದ್ದು?"

"ಅಮ್ಮ ನಿನ್ನೆಯಿಂದ ಊಟ ಬಿಟ್ಟು ಕೂತಿದ್ದಾರೆ ಕಣೇ. ಏನ್ ಮಾಡ್ಲಿ ನಾನು?"

"ನಾನು ಊಟ ಬಿಟ್ರೆ ವಾಪಸ್ ಹಾಕ್ಕೊಡ್ತೀರಾ?"

"ಒಂದು ಚಿಲಕಕ್ಕೆ ಇಷ್ಟು ರಂಪನಾ?"

"ಅದನ್ನ ನಿಮ್ಮಮ್ಮನ್ನ ಕೇಳಿ."

ಆ ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಯಾರು ಹೆಚ್ಚು ಗಟ್ಟಿಯಾಗಿ ಕೂಗುತ್ತಾರೋ ಅವರ ಕಡೆ ವಾಲುವವರು, ಅಷ್ಟೇ. ನಾನು ಕೂಗುವವಳಲ್ಲ. ನಾನು ಮಾಡಿದ್ದು ಬೇರೆ. ಮರುದಿನ ಆಫೀಸಿನಲ್ಲಿ ಬೇಲೂರಿಗೆ ವರ್ಗ ಕೇಳಿದೆ. ಅರಸೀಕೆರೆಯಲ್ಲಿ ಮನೆ ಬಾಗಿಲಲ್ಲೇ ಕೆಲಸವಿರುವಾಗ ಬೇಲೂರಿಗೆ ಓಡಾಡುತ್ತೇನೆ ಎನ್ನುವವಳನ್ನು ನೋಡಿ ಜೊತೆಯವರು ತಲೆಕೆಟ್ಟಿದೆ ಎಂದುಕೊಂಡರು. ಅತ್ತೆಯೂ ಹಾಗೇ ಅಂದರು. ಬೇಲೂರಿನವರೊಬ್ಬರಿಗೆ ಅರಸೀಕೆರೆ ಬೇಕಿತ್ತು. ಬೇಗನೇ ಆರ್ಡರ್ ಬಂತು.

ಹಾರನಹಳ್ಳಿ, ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು. ಬೆಳಿಗ್ಗೆ ನೇರ ಬಸ್ಸು ಇರುತ್ತಿತ್ತು. ಸಂಜೆ ಬರುವಾಗ ಹೆಚ್ಚು ದಿನ ಹಳೇಬೀಡಿನಲ್ಲಿ ಇಳಿದು ಅರಸೀಕೆರೆ ಬಸ್ಸಿಗೆ ಕಾಯಬೇಕು. ಜೊತೆಗೆ ಓಡಾಡುವ ಮೇಷ್ಟ್ರುಗಳು ಆ ಕಾಯುವ ಹೊತ್ತನ್ನು ಶಪಿಸುತ್ತಿದ್ದರು. ನನಗೆ ಬೇಕಾಗಿದ್ದುದೇ ಅದು. ಹಳೇಬೀಡಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ದೊಡ್ಡ ದೇವಸ್ಥಾನ, ಅದರ ಆಚೆಗೆ ಕೆರೆ. ದೇವಸ್ಥಾನದ ಹುಲ್ಲುಹಾಸಿನ ಅಂಚಿನಲ್ಲಿ, ಬಸ್ಸು ಬಂದರೆ ಕಾಣುವ ಹಾಗೆ, ಒಂದು ಮರದ ಕೆಳಗೆ ಕೂರುತ್ತಿದ್ದೆ. ಪೋಸ್ಟ್‌ಕಾರ್ಡ್ ಮಾರುವವರು ಮೊದಮೊದಲು ಹತ್ತಿರ ಬರುತ್ತಿದ್ದರು. ದಿನಾ ಬರುವವಳೆಂದು ಗೊತ್ತಾದ ಮೇಲೆ ಬಿಟ್ಟುಬಿಟ್ಟರು. ಟೂರಿಸ್ಟುಗಳ ಗದ್ದಲ, ಗೈಡುಗಳ ಕೂಗಾಟ, ಕಡಲೆಕಾಯಿ ಮಾರುವವರು. ಆದರೂ ಅಲ್ಲಿ ನನ್ನನ್ನು ಹೆಸರಿಟ್ಟು ಕರೆಯುವವರು ಒಬ್ಬರೂ ಇರಲಿಲ್ಲ. ನಿಲ್ಲಿಸಿದ್ದ ಜಗಳವನ್ನು ಅಲ್ಲಿ ಮುಂದುವರಿಸಿದೆ.

ಅದೂ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ನಮ್ಮ ಸಭೆಯ ಒಬ್ಬ ಹೆಂಗಸು ಊರಿಂದ ಬಂದ ನೆಂಟರಿಗೆ ಹಳೇಬೀಡು ತೋರಿಸಲು ಬಂದಿದ್ದಳಂತೆ. ನಾನು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ, ಮಾತಾಡಿಸದೆ ಹೋಗಿ, ಅರಸೀಕೆರೆಗೆಲ್ಲ ಹೇಳಿದಳು. ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಮಾತಾಡಿದವರು ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು.

"ನೀವು ದಿನಾ ವಿಗ್ರಹದ ಮುಂದೆ ಕೂತು ಧ್ಯಾನ ಮಾಡ್ತೀರ ಅಂತ ಸುದ್ದಿ ಇದೆಯಮ್ಮ."

"ಬಸ್ಸು ನಿಲ್ಲೋ ಜಾಗದ ಮುಂದೆ ಕೂರ್ತೀನಿ ಸಾರ್. ದೇವಸ್ಥಾನ ಅಲ್ಲಿ ಮೊದಲಿಂದ ಇದೆ. ನಾನು ಕಟ್ಟಿಸಿಲ್ಲ."

"ಕುಚೋದ್ಯ ಬೇಡ. ಕ್ರೈಸ್ತಳಾಗಿ ಪ್ರಾರ್ಥನೆ ಮಾಡೋಕೆ ನಿಮಗೆ ಬೇರೆ ಜಾಗ ಇರಲಿಲ್ವೇ?"

"ಇತ್ತು. ಅದರ ಚಿಲಕ ತೆಗೆಸಿಬಿಟ್ರು."

ಸಂಡೇ ಸ್ಕೂಲಿನಲ್ಲಿ ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಇನ್ನು ಮುಂದೆ ಬರುವುದು ಬೇಡ ಎಂದರು. ಅತ್ತೆ ಮನೆಗೆ ಬಂದು ಅವತ್ತು ಪಾಯಸ ಮಾಡಿದರು. ಕಾರಣ ಹೇಳಲಿಲ್ಲ. ನಾನೂ ಒಂದು ಲೋಟ ತಗೊಂಡು ಅವರ ಎದುರಿಗೇ ಕೂತು ಕುಡಿದೆ. ಸೋಮವಾರ ಸಂಜೆ ಅದೇ ಮರದ ಕೆಳಗೆ ಕೂತೆ.

ಹೀಗೆ ವರ್ಷಗಳು ಹೋದವು. ಅತ್ತೆ ನನ್ನ ಜೊತೆ ಅಡುಗೆಗೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು, ನಾನೂ ಅಷ್ಟೇ. ಆಮೇಲೆ ಅವರ ಕೂಟವೇ ಒಡೆಯಿತು. ಮಿಲಿಟರಿಯಿಂದ ನಿವೃತ್ತರಾದವರೊಬ್ಬರ ಹೆಂಡತಿ ತಮ್ಮ ಹೊಸ ಮನೆಯಲ್ಲಿ ಬೇರೆ ಕೂಟ ಶುರು ಮಾಡಿದರು. ಅಲ್ಲಿ ಕೀಬೋರ್ಡ್ ಇತ್ತು, ಮೈಕು ಇತ್ತು, ಫ್ಯಾನಿನ ಕೆಳಗೆ ಕುರ್ಚಿಗಳಿದ್ದವು. ಒಬ್ಬೊಬ್ಬರೇ ಅತ್ತ ಹೋದರು. ಅತ್ತೆ ಕೆಲವು ವಾರ ಚಾಪೆ ಹಾಸಿ ಕಾದರು. ಕೊನೆಗೆ ಹಾಸುವುದನ್ನು ಬಿಟ್ಟರು. ಸಂಜೆ ನಡುಮನೆಯಲ್ಲಿ ಒಬ್ಬರೇ ಕೂತು ಬೀದಿ ನೋಡುತ್ತಿದ್ದರು. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ.

ಒಂದು ರಜಾ ದಿನದ ಮಧ್ಯಾಹ್ನ ನಾನು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತು ತಾವೂ ಕೈಹಾಕಿದರು. ಪಾತ್ರೆ ಅರ್ಧ ತುಂಬಿತು. ಆಮೇಲೆ ತಲೆಯೆತ್ತದೆ ಕೇಳಿದರು.

"ಒಬ್ಳೇ ಕೂತು ಅವನಿಗೆ ಏನೇ ಹೇಳ್ತೀಯ?"

"ಬೈತೀನಿ."

ಅವರ ಕೈ ನಿಂತಿತು. "ದೇವರನ್ನ?"

"ಹೂಂ."

ಇನ್ನೇನು ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. ಒಂದು ಕಾಯಿ ಸುಲಿದು ಕಾಳನ್ನು ಸಿಪ್ಪೆಯ ಕಡೆ ಹಾಕಿ, ಸಿಪ್ಪೆಯನ್ನು ಪಾತ್ರೆಗೆ ಹಾಕಿದರು.

"ನಂಗೆ ಒಬ್ಳೇ ಕೂತ್ರೆ ಭಯ ಆಯ್ತದೆ ಕಣೇ. ಜನ ಇದ್ರೆ ಅವನೂ ಅವ್ನೆ ಅನ್ಸುತ್ತೆ. ಒಬ್ಳೇ ಕಣ್ಣು ಮುಚ್ಚಿದ್ರೆ ಅಲ್ಲಿ ಯಾರೂ ಇಲ್ಲ. ಬರೀ ಖಾಲಿ."

ಆ ಮನೆಗೆ ಬಂದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ನಿಜವಾದ ಮಾತು ಅದು. ನಾನೂ ನಿಜವನ್ನೇ ಹೇಳಿದೆ.

"ನಂಗೂ ಎಷ್ಟೋ ದಿನ ಹಂಗೇ ಅನ್ಸುತ್ತೆ ಅತ್ತೆ."

"ಮತ್ತೆ ಯಾಕೆ ಕೂತ್ಕತೀಯ?"

"ಇನ್ನೂ ಜಗಳ ಮುಗಿದಿಲ್ಲ."

ಅವರು ಸಿಪ್ಪೆ ಬಾಚಿಕೊಂಡು ಎದ್ದು ಹೋದರು. ನಮ್ಮಿಬ್ಬರ ನಡುವೆ ಏನೋ ಸಡಿಲವಾಯಿತು ಎಂದು ನಾನು ಅಂದುಕೊಂಡೆ. ಎಂಥ ಮೂರ್ಖತನ. ಅದೇ ವಾರ ಅವರು ಪಾಸ್ಟರ ಮನೆಗೆ ಹೋಗಿ, ಅಲ್ಲಿ ಯಾರೂ ಇಲ್ಲ, ಬರೀ ಖಾಲಿ ಎಂದು ನನ್ನ ಸೊಸೆ ಅಂದಳು ಎಂದು ಹೇಳಿ ಬಂದರು. ತಮ್ಮ ಮಾತನ್ನು ನನ್ನ ಬಾಯಿಗೆ ಹಾಕಿದ್ದರು.

ಮುಂದಿನ ಭಾನುವಾರ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಪಾಸ್ಟರ್ ಪೀಠದಿಂದ ಹೇಳಿದರು. "ನಮ್ಮಲ್ಲೇ ಒಬ್ಬರು, ಕಣ್ಣು ಮುಚ್ಚಿದರೆ ಅಲ್ಲಿ ಯಾರೂ ಇಲ್ಲ, ಬರೀ ಖಾಲಿ ಅಂತ ಹೇಳಿದ್ದಾರೆ. ಅಂಥವರು ಪ್ರಭುವಿನ ಮೇಜಿಗೆ ಬರುವ ಮುನ್ನ ಯೋಚಿಸಲಿ."

ಪದಕ್ಕೆ ಪದ ಅದೇ. ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ನಾನು ಎದ್ದು ನಿಂತು ಅದು ಯಾರ ಮಾತೆಂದು ಹೇಳಿಬಿಡುತ್ತೇನೆ ಎಂಬ ಭಯ ಅದು. ಹೇಳಬಹುದಿತ್ತು. ಹೇಳಿದ್ದರೆ ಅವರ ಅಷ್ಟು ವರ್ಷಗಳ ಹೆಸರು ಅಲ್ಲೇ ಮಣ್ಣುಪಾಲಾಗುತ್ತಿತ್ತು. ನಾನು ಹೇಳಲಿಲ್ಲ. ಅದು ಕರುಣೆಯಲ್ಲ. ಅವರು ಜೀವಮಾನದಲ್ಲಿ ಒಮ್ಮೆ ಆಡಿದ ನಿಜವನ್ನು ಆ ಗುಂಪಿನ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಸಭೆಯಲ್ಲಿ ಒಂದು ಮನೆಯವರೆಲ್ಲ ಒಟ್ಟಿಗೆ ಹೋಗಿ ಸಾಲಾಗಿ ಮೊಣಕಾಲೂರುವುದು ರೂಢಿ. ಅತ್ತೆ ಎದ್ದರು. ನಾನೂ ಎದ್ದೆ. ನನ್ನ ಹಿಂದೆ ಗಂಡ. ಸಾಲಿನಲ್ಲಿ ಅತ್ತೆ, ನಾನು, ಅವರು. ಪಾಸ್ಟರ್ ರೊಟ್ಟಿಯ ತುಂಡನ್ನು ಅತ್ತೆಯ ಅಂಗೈಯಲ್ಲಿಟ್ಟರು. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡರು. ನಾನು ಕೈ ಚಾಚಿದೆ. ಪಾಸ್ಟರ್ ನನ್ನ ಕೈಯನ್ನು ನೋಡಿ, ನನ್ನನ್ನು ದಾಟಿ, ಗಂಡನ ಮುಂದೆ ಹೋಗಿ ನಿಂತರು. ನಾನು ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಚಾಚಿಯೇ ಇದ್ದೆ.

ನನ್ನ ಗಂಡ ತಮ್ಮ ಅಂಗೈ ಮುಚ್ಚಿದರು.

"ಅವಳಿಗಿಲ್ಲದ್ದು ನಂಗೂ ಬೇಡ ಪಾಸ್ಟ್ರೇ."

ಮೆಲ್ಲಗೇ ಹೇಳಿದರು. ಆದರೂ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಸಾಲುಬೆಂಚುಗಳ ನಡುವೆ ನಡೆಸಿಕೊಂಡು ಬಾಗಿಲಾಚೆ ಬಂದರು. ಹೊರಗೆ ಬಿಸಿಲು. ಒಂದು ಒಳ್ಳೆಯ ಮಾತು ಆಡಬಹುದಿತ್ತು ನಾನು. ಆಡಿದ್ದು ಇದು:

"ಇಷ್ಟು ವರ್ಷ ಎಲ್ಲಿಟ್ಟಿದ್ರಿ ಈ ಮಾತನ್ನ?"

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬೇಲೂರಲ್ಲಿ ಮನೆ ನೋಡೋಣ" ಎಂದರು.

ನೋಡಿದೆವು. ಅವರು ಅರಸೀಕೆರೆಗೆ ಬಸ್ಸಿನಲ್ಲಿ ಓಡಾಡಲು ಒಪ್ಪಿಕೊಂಡರು. ಅತ್ತೆಯೂ ಗೊಣಗುತ್ತ ಜೊತೆಗೆ ಬಂದರು. ಬೇಲೂರಿನ ಸಭೆಯಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಎಕ್ಸ್‌ಚೇಂಜಿನಲ್ಲಿ ಬೋರ್ಡಿನ ಕೆಲಸವೇ ಹೋಗಿ, ನನ್ನನ್ನು ಬಿಲ್ ಕೌಂಟರಿಗೆ ಹಾಕಿದ್ದರು. ಬೈಯುವವರು ಕಿವಿಯೊಳಗಿನಿಂದ ಕಣ್ಣೆದುರಿಗೆ ಬಂದರು, ಅಷ್ಟೇ ವ್ಯತ್ಯಾಸ.

ಬೇಲೂರಿನ ಮನೆಯಲ್ಲಿ ನನಗೆ ಮಹಡಿಯ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು. ಬೆಳಗಿನ ಹೊತ್ತು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಅತ್ತೆ ಬಾಗಿಲು ಬಡಿಯುವಂತೆಯೂ ಇರಲಿಲ್ಲ, ಬಾಗಿಲೇ ಇರಲಿಲ್ಲ. ಅವರಿಗೆ ಒಬ್ಬರೇ ಕೂರಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತಲ್ಲ. ಆ ಹೊತ್ತಿನಲ್ಲಿ ಓದುವ ಪುಸ್ತಕ ತಗೊಂಡು ಅಜ್ಜಿಯ ಪಕ್ಕ ಕೂರು ಎಂದು ಮಗಳಿಗೆ ಹೇಳುತ್ತಿದ್ದೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಅವರು ಮೊಮ್ಮಗಳ ತೊಡೆಯ ಮೇಲೆ ಒಂದು ಕೈಯಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು.

ನಾನು ಮೆಟ್ಟಿಲಿಳಿದು ಬಂದರೆ ಅವರದು ದಿನಾ ಒಂದೇ ಪ್ರಶ್ನೆ. ಕೊಂಕು ಬಿಡದೆ ಕೇಳುತ್ತಿದ್ದರು.

"ಏನಮ್ಮ, ಸಿಕ್ಕಿದ್ನಾ ನಿನ್ ದೇವರು?"

"ಇವತ್ತಿಲ್ಲ ಅತ್ತೆ."

"ಸಿಗಲ್ಲ ಬಿಡು. ಬೈಯೋರಿಗೆ ಯಾಕೆ ಸಿಗ್ತಾನೆ?"

ಮಗಳು ಪಿಯುಸಿ ಮುಗಿಸಿದ ವರ್ಷ ಅವರು ತೀರಿಕೊಂಡರು. ಕೂಸಿನ ಬಗ್ಗೆ ಆಡಿದ ಆ ಹಳೆಯ ಮಾತಿಗೆ ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕ್ಷಮಿಸುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಮಣ್ಣು ಮಾಡುವ ದಿನ ಅರಸೀಕೆರೆಯಿಂದ ಆ ಕೂಟದ ಹೆಂಗಸರು ಬಂದು, ಎಂಥ ಪ್ರಾರ್ಥನಾವೀರಳು ಎಂದು ಅತ್ತರು. ನಾನು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವರ ಸಲುವಾಗಿಯೂ ಅವನನ್ನು ಕೇಳಿದೆ. ಅಷ್ಟು ವರ್ಷ ಅಷ್ಟು ಗಟ್ಟಿಯಾಗಿ ನಿನ್ನನ್ನು ಕೂಗಿದವಳಿಗೆ ಒಂದು ಸಲ, ಒಬ್ಬಳೇ ಇದ್ದಾಗ, ಇದ್ದೀನಿ ಅನ್ನೋಕೆ ನಿನಗೇನಾಗಿತ್ತು?